ಗೌರಿಗಾಗಿ ಬಿಟ್ಟ ಚಹಾ

ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನಮ್ಮ ಗೌರಿ ಅಡುಗೆಮನೆಯ ಹೊಸ್ತಿಲು ಎಡವಿ ಬಿದ್ದಳು. ಗೌರಿ ನಮ್ಮ ಬೆಕ್ಕು. ಬೆಕ್ಕು ಎಡವಿ ಬೀಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ, ನಕ್ಕುಬಿಟ್ಟೆ. ಆ ನಗುವಿಗೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಹಂಪಿಯ ಪಂಪಾಪತಿಯನ್ನು ನಂಬಿ ನಡೆಯುವ ನಿಮಗೆಲ್ಲ ಈ ಸಂಗತಿ ಹೇಳಲೇಬೇಕೆಂದು ಬರೆಯುತ್ತಿದ್ದೇನೆ. ಬೆಕ್ಕಿಗಾಗಿ ಯಾರಾದರೂ ದೇವರ ಮುಂದೆ ಅಳುತ್ತಾರೆಯೇ ಎಂದು ನಗುವವರು ನಗಲಿ. ನಾನು ಅತ್ತಿದ್ದೇನೆ.

ನಮ್ಮದು ಕಂಪ್ಲಿ. ಯಜಮಾನರು ಅಕ್ಕಿ ಗಿರಣಿ ನಡೆಸುತ್ತಾರೆ. ಐದು ವರ್ಷದ ಹಿಂದೆ ಗಿರಣಿಯ ಹೊಟ್ಟಿನ ರಾಶಿಯ ಹಿಂದೆ ಇನ್ನೂ ಕಣ್ಣು ಬಿಡದ ಮರಿಯಾಗಿ ಸಿಕ್ಕವಳು ಗೌರಿ. ತಾಯಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಹತ್ತಿಯ ಬತ್ತಿ ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿದೆ. ವರ್ಷ ತುಂಬಿದಾಗ ಅವಳು ಒಂದು ಇಲಿ ಹಿಡಿದು ತಂದು, ಬೇರೆಲ್ಲೂ ಜಾಗವಿಲ್ಲದ ಹಾಗೆ, ಸೀದಾ ದೇವರ ಜಗಲಿಯ ಮುಂದೆ ಇಟ್ಟಳು. ನಾವು ಲಿಂಗವಂತರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಯನ್ನೆಲ್ಲ ತೊಳೆದೆ, ಕಿಟಕಿಗಳಿಗೆ ಜಾಲರಿ ಹಾಕಿಸಿದೆ, ಅವತ್ತಿನಿಂದ ಅವಳನ್ನು ಹೊರಗೆ ಬಿಡಲಿಲ್ಲ.

ಮೂರು ವರ್ಷ ಹಾಲು-ಅನ್ನ, ಮೊಸರನ್ನ, ತುಪ್ಪ ಸವರಿದ ರೊಟ್ಟಿ. ಸೋಮವಾರ ನನ್ನ ಜೊತೆ ಒಪ್ಪತ್ತು. ಪೂಜೆ ಮುಗಿದ ಮೇಲೆ ಅವಳ ಹಣೆಗೂ ಒಂದು ಬೊಟ್ಟು ವಿಭೂತಿ. ಬಂದವರಿಗೆಲ್ಲ, "ನಮ್ಮ ಗೌರಿ ಇಲಿ ಸುದ್ದಿಗೂ ಹೋಗಂಗಿಲ್ರಿ, ಹ್ವಾದ ಜನ್ಮದಾಗ ಶರಣಿ ಇದ್ದಿರಬೇಕು" ಎಂದು ಹೇಳಿಕೊಳ್ಳುತ್ತಿದ್ದೆ. "ಗಿರಣಿಯವ್ರ ಮನಿ ಬೆಕ್ಕು ಇಲಿ ಹಿಡಿಯಂಗಿಲ್ಲ ಅಂದ್ರ ಮಂದಿ ನಗ್ತಾರ" ಎಂದು ಯಜಮಾನರು ಕಾಡಿಸಿದರೂ ನನ್ನ ಜಂಬ ಇಳಿಯಲಿಲ್ಲ.

ಜಂಬದ ಇನ್ನೊಂದು ಕಥೆಯನ್ನೂ ಮುಚ್ಚಿಡದೆ ಹೇಳುತ್ತೇನೆ. ಹೊಳೆದಂಡೆಯ ಕೋಟೆ ಕಡೆಯಿಂದ ಹುಲಿಗೆಮ್ಮ ಎನ್ನುವವಳು ಬುಟ್ಟಿ ಹೊತ್ತು ನಮ್ಮ ಓಣಿಯಲ್ಲಿ ಹೊಳೆ ಮೀನು ಮಾರುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ದಿನ ನಮ್ಮ ಬಾಗಿಲ ಮುಂದೆ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಾಗ ನಾನು ಗದರಿಸಿ ಎಬ್ಬಿಸಿದೆ. ಅವಳು ನಾಲ್ಕು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಅವಳು ಕೂತ ಜಾಗಕ್ಕೆ ಒಂದು ಕೊಡ ನೀರು ಸುರಿದೆ. ಅವಳು ತಿರುಗಿ ನೋಡಿದಳು. ಮರುದಿನದಿಂದ ನಮ್ಮ ಓಣಿಗೆ ಬರುವುದನ್ನೇ ಬಿಟ್ಟಳು.

ಈಗ ಗೌರಿಯ ಸಂಗತಿ. ಹೊಸ್ತಿಲು ಎಡವಿದ ಮೇಲೆ ಗೋಡೆಗೆ ತಲೆ ಬಡಿಸಿಕೊಳ್ಳತೊಡಗಿದಳು. ಕಿಟಕಿಗೆ ಜಿಗಿಯಲು ಹೋಗಿ ಕೆಳಗೆ ಬೀಳುತ್ತಿದ್ದಳು. ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಒಂದು ವಾರಕ್ಕೆ ಊಟ ಬಿಟ್ಟಳು. ಮಲಗಿದಲ್ಲೇ ಹೊಟ್ಟೆ ಎದೆ ಒಂದು ಮಾಡಿ ಉಸಿರೆಳೆಯುತ್ತಿದ್ದಳು. ಗುರುವಾರ ಯಜಮಾನರು ಕಾರು ತೆಗೆದುಕೊಂಡು ಬಳ್ಳಾರಿಗೆ ಹೋಗಿದ್ದರು. ಕಾಯುವ ಧೈರ್ಯವಾಗದೆ ಅವಳನ್ನು ಹೂವಿನ ಬುಟ್ಟಿಯಲ್ಲಿ ಮಲಗಿಸಿಕೊಂಡು ಹೊಸಪೇಟೆ ಬಸ್ಸು ಹತ್ತಿದೆ.

ಕಂಡಕ್ಟರ್ ಬಂದು, "ಬುಟ್ಟ್ಯಾಗ ಏನೈತ್ರಿ ಅಮ್ಮಾರೆ?" ಎಂದ. ಬಟ್ಟೆ ಸರಿಸಿ ತೋರಿಸಿದೆ. ಒಂದು ಗಳಿಗೆ ನೋಡಿ, ಕಿಟಕಿ ಪಕ್ಕದವನಿಗೆ, "ಏಳೋ ಮಾರಾಯ, ಪೇಶಂಟ್ ಐತಿ, ಗಾಳಿ ಬರ್ಲಿ" ಎಂದು ಎಬ್ಬಿಸಿ ನನಗೆ ಜಾಗ ಮಾಡಿಕೊಟ್ಟ. ಆ ಪುಣ್ಯಾತ್ಮನ ಹೆಸರು ಕೇಳಲು ಮರೆತೆ.

ಕಮಲಾಪುರ ಬಂದಾಗ ಹಂಪಿಯ ದಿಕ್ಕಿಗೆ ಕೈ ಮುಗಿದೆ. "ಪಂಪಾಪತಿ, ನನ್ನ ಗೌರಿಯನ್ನು ಉಳಿಸಿಕೊಡು. ಅವಳು ತಾನಾಗಿ ಉಣ್ಣುವವರೆಗೆ ನಾನು ಚಹಾ ಮುಟ್ಟುವುದಿಲ್ಲ" ಎಂದು ಹರಕೆ ಹೊತ್ತೆ. ದಿನಕ್ಕೆ ಆರು ಸಲ ಚಹಾ ಕುಡಿಯುವವಳು ನಾನು. ಇದಕ್ಕಿಂತ ದೊಡ್ಡದು ಬಿಡಲು ನನ್ನ ಹತ್ತಿರ ಏನೂ ಇಲ್ಲ ಎಂದೇ ಅಂದುಕೊಂಡಿದ್ದೆ.

ಹೊಸಪೇಟೆಯ ಪಶು ಆಸ್ಪತ್ರೆಯಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದಳು, ಕಣ್ಣಿಗೆ ಟಾರ್ಚ್ ಹಿಡಿದಳು. ಆಮೇಲೆ, "ಏನು ಊಟ ಹಾಕ್ತೀರಿ?" ಎಂದಳು. ನಾನು ಆ ಹೊತ್ತಿನಲ್ಲೂ ಹೆಮ್ಮೆಯಿಂದಲೇ ಹೇಳಿದೆ, ಹಾಲು, ಮೊಸರು, ರೊಟ್ಟಿ, ತುಪ್ಪ.

"ಮೀನು? ಮೊಟ್ಟಿ? ಕೋಳಿ?"

"ಛೇ ಛೇ. ನಾವು ಲಿಂಗವಂತ್ರು."

ಅವಳು ಪೆನ್ನು ಕೆಳಗಿಟ್ಟಳು. "ನೀವು ಲಿಂಗವಂತ್ರು ಅಮ್ಮಾ. ಬೆಕ್ಕು ಬೆಕ್ಕೇ."

ಬೆಕ್ಕಿನ ಕಣ್ಣು ಮತ್ತು ಹೃದಯಕ್ಕೆ ಟಾರಿನ್ ಎನ್ನುವುದೊಂದು ಬೇಕೇ ಬೇಕಂತೆ. ಅದು ಸಿಗುವುದು ಮೀನು, ಮಾಂಸದಲ್ಲಿ. ಹಾಲು-ಅನ್ನದಲ್ಲಿ ನೆಚ್ಚಿಕೊಳ್ಳುವಷ್ಟು ಇರುವುದಿಲ್ಲವಂತೆ. "ಕಣ್ಣು ಹೋದಷ್ಟು ಹೋಯ್ತು. ಹೃದಯ ಸುಧಾರಿಸಬಹುದು. ಟಾರಿನ್ ಪುಡಿ ತರಿಸ್ತೀನಿ, ಒಂದು ವಾರ ಆಗುತ್ತೆ. ಅಲ್ಲೀವರೆಗೂ ಕಾಯೋ ಹಂಗಿಲ್ಲ. ಇವತ್ತಿಂದಲೇ ಮೀನು ಕುದಿಸಿ ಹಾಕ್ರಿ, ಕುದಿಸಿದ ನೀರೂ ಚೆಲ್ಲಬೇಡ್ರಿ" ಎಂದು ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದುಕೊಟ್ಟಳು.

ವಾಪಸು ಬರುವಾಗ ಹಂಪಿಯ ಕಡೆ ನೋಡಲೇ ಇಲ್ಲ. ನಾನು ಔಷಧಿ ಕೇಳಿದರೆ ನೀನು ಮೀನು ತೋರಿಸುತ್ತೀಯಾ ಎಂದು ದೇವರ ಮೇಲೇ ಮುನಿಸಿಕೊಂಡಿದ್ದೆ. ಮಗುವಿನ ಹಾಗೆ ಸಾಕಿದವಳನ್ನು ನನ್ನ ಕೈಯಾರೆ ಕುರುಡಿ ಮಾಡಿದೆ ಎನ್ನುವುದನ್ನು ಒಪ್ಪಿಕೊಳ್ಳುವುದಕ್ಕಿಂತ ಮುನಿಸು ಸುಲಭವಿತ್ತು. ಹೊಸಪೇಟೆಯಲ್ಲಿ ಮೀನಂಗಡಿಯ ಮೆಟ್ಟಿಲು ಹತ್ತಲು ಕಾಲು ಬರದೆ, ಬೆಕ್ಕಿನ ಆಹಾರದ ಪಾಕೀಟು ತಂದಿದ್ದೆ. ಗೌರಿ ಅದನ್ನು ಮೂಸಲೂ ಇಲ್ಲ. ನೆನೆಸಿ ಕೊಟ್ಟೆ, ಬಾಯಿಗೆ ಸವರಿದೆ, ಉಗಿದಳು. ಯಜಮಾನರು, "ಮೀನ ತರಿಸ್ಲೇನು?" ಎಂದರು. "ಈ ಮನ್ಯಾಗ ಬ್ಯಾಡ" ಎಂದೆ. ಹೀಗೆ ಶುಕ್ರವಾರ, ಶನಿವಾರ, ಭಾನುವಾರ ಕಳೆದವು. ಚಹಾ ಇಲ್ಲದೆ ತಲೆ ಸಿಡಿಯುತ್ತಿತ್ತು, ಅದೇ ದೊಡ್ಡ ತಪಸ್ಸು ಎಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಲಿಂಗಪೂಜೆಗೆ ಕೂತು ಗಂಟೆ ಬಾರಿಸಿದೆ. ಗೌರಿ ಅಡುಗೆಮನೆಯ ಮೂಲೆಯಲ್ಲಿ ಮಲಗಿದ್ದವಳು ಎದ್ದಳು. ಮೂರು ವರ್ಷ ಆ ಸದ್ದಿಗೆ ಬಂದು ವಿಭೂತಿ ಹಚ್ಚಿಸಿಕೊಂಡವಳಲ್ಲವೇ. ಕಂಬಕ್ಕೆ ತಾಗಿದಳು, ಕುಸಿದಳು, ಮತ್ತೆ ಎದ್ದಳು. ಬಂದು ನನ್ನ ಮೊಣಕಾಲ ಮೇಲೆ ತಲೆ ಇಟ್ಟಳು. ಅವಳ ಉಸಿರಿನ ಗೊರಗೊರ ಗಂಟೆಗಿಂತ ಜೋರಾಗಿ ಕೇಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಹಣೆಯ ವಿಭೂತಿ ಹಾಗೇ ಇತ್ತು. ನಡೆದುಕೊಂಡೇ ಕೋಟೆಗೆ ಹೋಗಿ ಹುಲಿಗೆಮ್ಮನ ಮನೆ ಕೇಳಿದೆ.

ಅವಳು ಬಾಗಿಲಲ್ಲಿ ಬಲೆ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಸಂಗತಿ ಹೇಳಿದೆ, ಹೇಳುತ್ತಾ ಅತ್ತೆ.

"ಶ್ರಾವಣದಾಗ ಮೀನ ಕೇಳಾಕ ನೀವ್ ಬಂದೀರಿ!" ಎಂದಳು. "ಹೊಳಿ ತುಂಬೈತಿ, ಹರಗೋಲು ಇಳಿಸಂಗಿಲ್ಲ. ಯಾಪಾರನೂ ಇಲ್ಲ. ನಮ್ಮ ಬೆಕ್ಕಿಗಂತ ಕಾಲುವ್ಯಾಗ ಹಿಡಿದ ನಾಕು ಸಣ್ಣ ಮೀನ ಅದಾವ." ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಅವತ್ತು ನನ್ನ ಹಿಂದ ನೀರ ಸುರುವಿದ್ರಿ. ನೆನಪೈತೇನ್ರಿ?"

"ನೆನಪೈತವ್ವ. ನಂದ ತಪ್ಪು."

"ಬೆಕ್ಕೇನ್ ತಪ್ಪು ಮಾಡೈತಿ, ಬಿಡ್ರಿ" ಎಂದು ಒಳಗೆ ಹೋದಳು. "ನಿಮ್ಮ ಒಲಿ ಮ್ಯಾಗ ಬ್ಯಾಡ, ಇಲ್ಲೇ ಕುದಿಸಿ ಮುಳ್ಳ ತೆಗೆದು ಕೊಡ್ತೀನಿ. ಕುಂದ್ರಿ."

ಒಂದು ಒಲೆಯ ಮೇಲೆ ಮೀನು, ಇನ್ನೊಂದರ ಮೇಲೆ ಚಹಾ ಇಟ್ಟಳು. ಸ್ಟೀಲ್ ಲೋಟ ತೊಳೆದು, ಮತ್ತೊಮ್ಮೆ ತೊಳೆದು, ಚಹಾ ತುಂಬಿ ನನ್ನ ಮುಂದೆ ಹಿಡಿದಳು.

"ಬ್ಯಾಡವ್ವ, ನಾ ಚಾ ಬಿಟ್ಟೀನಿ."

"ಯಾವಾಗಿಂದ?"

"ಗುರುವಾರದಿಂದ."

"ಗುರುವಾರದಿಂದ!" ಎಂದು ನಕ್ಕಳು. ಅದು ನಗುವಾಗಿರಲಿಲ್ಲ. "ಆತು ಬಿಡ್ರಿ ಅಮ್ಮಾರೆ. ನಮ್ಮ ಮನಿ ಚಾ ನೀವ್ ಹೆಂಗ ಕುಡೀತೀರಿ." ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು.

ನಾನು ಹೇಳಿದ್ದು ನಿಜ. ಆದರೆ ಅವಳಿಗೆ ಅದು ಸುಳ್ಳಾಗಿ ಕೇಳದೆ ಇನ್ನು ಹೇಗೆ ಕೇಳಬೇಕಿತ್ತು? ಕುಡಿದರೆ ಹರಕೆ ಮುರಿಯುತ್ತದೆ, ಗೌರಿಗೆ ಏನಾದರೂ ಆದರೆ ಎಂಬ ಭಯ. ಕುಡಿಯದಿದ್ದರೆ ಇವಳ ಮೇಲೆ ಎರಡನೆಯ ಕೊಡ ಸುರಿದ ಹಾಗೆ. ಪಂಪಾಪತಿ, ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗು, ಆ ಮೂಕಪ್ರಾಣಿಯ ಮೇಲೆ ಬೇಡ ಎಂದುಕೊಂಡು, "ತಾರವ್ವ ಇಲ್ಲಿ" ಎಂದು ಲೋಟ ಇಸಿದುಕೊಂಡು ಕುಡಿದೆ. ಶುಂಠಿ ಹಾಕಿದ, ಸಕ್ಕರೆ ವಿಪರೀತವಾದ ಚಹಾ. ತಳದ ಗುಟುಕನ್ನೂ ಬಿಡಲಿಲ್ಲ. ಅವಳು ಖಾಲಿ ಲೋಟ ತೆಗೆದಿಟ್ಟು ಮೀನಿನ ಮುಳ್ಳು ತೆಗೆಯಲು ಕೂತಳು.

ಇಬ್ಬರೂ ಮನೆಗೆ ಬಂದೆವು. ಅವಳು ಹೊರಗಿನ ಕಟ್ಟೆಯ ಹತ್ತಿರವೇ ನಿಂತಳು. "ಒಳಗ ಬಾರವ್ವ" ಎಂದು ಕರೆದುಕೊಂಡು ಹೋದೆ. ತಟ್ಟೆಯಲ್ಲಿ ಮೀನು ಇಟ್ಟರೆ ಗೌರಿ ಮೂಸಿ ಮುಖ ತಿರುಗಿಸಿದಳು. ಅದು ಊಟವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಾಗೆ ಬೆಳೆಸಿದವಳು ನಾನೇ. ಹರಕೆ ಮುರಿದದ್ದಕ್ಕೆ ಇದೇ ಶಿಕ್ಷೆ ಎಂದು ಕುಸಿದು ಕೂತೆ.

ಹುಲಿಗೆಮ್ಮ ಹೇಳಿದಳು: "ಅದಕ್ಕ ತಟ್ಟಿ ಗೊತ್ತಿಲ್ಲ, ಮೀನ ಗೊತ್ತಿಲ್ಲ. ನಿಮ್ಮ ಕೈ ಅಷ್ಟ ಗೊತ್ತೈತಿ. ಅನ್ನದಾಗ ಕಲಸಿ ನೀವ ಉಣಿಸ್ರಿ."

ಲಿಂಗಕ್ಕೆ ಪತ್ರಿ ಏರಿಸುವ ಕೈ ಅದು. ಹಿಂದೆ ಮುಂದೆ ನೋಡದೆ ಮೀನನ್ನೂ ಅದರ ನೀರನ್ನೂ ಅನ್ನಕ್ಕೆ ಹಾಕಿ ಕಲಸಿದೆ, ಬೆರಳ ತುದಿಯಲ್ಲಿ ಹಿಡಿದೆ. ಗೌರಿ ಬೆರಳನ್ನು ನೆಕ್ಕಿದಳು. ನಿಲ್ಲಿಸಿದಳು. ಮತ್ತೆ ನೆಕ್ಕಿದಳು. ಆಮೇಲೆ ತಾನಾಗಿ ತಲೆ ಮುಂದೆ ಚಾಚಿ ನನ್ನ ಅಂಗೈಯಲ್ಲಿದ್ದುದನ್ನೆಲ್ಲ ತಿಂದಳು. ನಾನು ಬಾಯಿ ಬಿಟ್ಟು ಅತ್ತೆ. ಹುಲಿಗೆಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಬೆಕ್ಕಿಗೆ ಇವತ್ತು ಉಪಾಸ" ಎಂದಳು.

ದಿನವೂ ಮೀನು ಉಣಿಸಿದೆ, ಟಾರಿನ್ ಪುಡಿಯೂ ಬಂತು. ಒಂದು ತಿಂಗಳಿಗೆ ಗೌರಿಯ ಉಸಿರು ಹಗುರಾಯಿತು. ಡಾಕ್ಟರಮ್ಮ ಎದೆ ಕೇಳಿ ನೋಡಿ, "ಪರವಾಗಿಲ್ಲ, ಬದುಕಿಕೊಂಡಳು" ಎಂದಳು. ಕಣ್ಣು ಮಾತ್ರ ಬರಲಿಲ್ಲ. ನೆರಳು ಬೆಳಕು ಕಾಣುತ್ತದೆ, ಅಷ್ಟೇ. ಆ ನೋವು ನನ್ನದು, ಅದನ್ನು ಯಾವ ದೇವರ ಮೇಲೂ ಹಾಕುವುದಿಲ್ಲ.

ಕಾರ್ತಿಕದಲ್ಲಿ ಹಂಪಿಗೆ ಹೋದೆ. ಹರಕೆ ಮುರಿದದ್ದಕ್ಕೆ ಕ್ಷಮೆ ಕೇಳಬೇಕೆಂದು ಹೋದವಳು ಪಂಪಾಪತಿಯ ಮುಂದೆ ನಿಂತಾಗ ಕೇಳಲೇ ಇಲ್ಲ. ಅವನಿಗೆ ನನ್ನ ಚಹಾ ಬೇಕಿರಲಿಲ್ಲ. ನಾನು ಬಿಡಬೇಕಾದದ್ದು ಏನೆಂದು ಅವನಿಗೆ ಗೊತ್ತಿತ್ತು, ಬಿಡಿಸಿದ. ನನ್ನ ಗೌರಿಯನ್ನೂ ಉಳಿಸಿದ. ಎರಡೂ ಕೈ ಮುಗಿದು, ಕಣ್ಣು ತುಂಬಿಕೊಂಡು ಬಂದೆ.

ಈಗ ಹುಲಿಗೆಮ್ಮ ಮತ್ತೆ ನಮ್ಮ ಓಣಿಗೆ ಬರುತ್ತಾಳೆ. ಅವಳ ಕೂಗು ತಿರುವಿನಲ್ಲಿ ಕೇಳಿದರೆ ಸಾಕು, ಗೌರಿ ಎದ್ದು ಬಾಲ ಎತ್ತಿಕೊಂಡು ಬಾಗಿಲಿಗೆ ಓಡುತ್ತಾಳೆ. ಹೊಸ್ತಿಲು ಬಂದಾಗ ಮುಂಗಾಲಿನಿಂದ ಒಮ್ಮೆ ಮುಟ್ಟಿ ನೋಡಿ, ದಾಟುತ್ತಾಳೆ. ನಾನು ಒಲೆಯ ಮೇಲೆ ಎರಡು ಲೋಟ ಚಹಾಕ್ಕೆ ನೀರು ಇಡುತ್ತೇನೆ.