ಪಿ.ಟಿ. ಟೀಚರ್ ಹಾಕಿಕೊಳ್ಳುತ್ತಿದ್ದ ಗಂಡಸರ ಸೆಂಟು

ಗೋಡೆಗೆ ಆತು ನಿಂತಿದ್ದ ನನ್ನ ರಟ್ಟೆ ಹಿಡಿದು ಅವರು ಖೋ-ಖೋ ಅಂಕಣದೊಳಗೆ ಎಳೆದ ದಿನ ನನಗೆ ಮೊದಲು ತಾಕಿದ್ದು ಅವರ ಮಣಿಕಟ್ಟಿನ ವಾಸನೆ. ಹಸಿ ನಿಂಬೆಯ ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದು ಚಿವುಟಿದರೆ ಸಣ್ಣ ಹನಿಗಳು ಚಿಮ್ಮುತ್ತವಲ್ಲ, ಹಾಗೆ. ಬಿಸಿಲಿಗೆ ಕಪ್ಪಾದ ಕೈ. ಗಡಿಯಾರದ ಪಟ್ಟಿಯ ಅಡಿಯಲ್ಲಿ ಮಾತ್ರ ತಿಳಿಬಣ್ಣ ಉಳಿದಿತ್ತು.

"ಗ್ವಾಡಿಗಿ ಹತ್ತಿ ನಿಂತು ಏನ್ ನೋಡ್ತಿ ಬೇ? ಕಾಲ ಇಲ್ಲೇನ್ ನಿನಗ? ಓಡು!"

ಓಡಿದೆ. ಆಮೇಲೆ ಎಷ್ಟೋ ವರ್ಷ ಓಡುತ್ತಲೇ ಇದ್ದೆ.

ಎಂಬತ್ತರ ದಶಕದ ಆರಂಭ ಅದು. ಅಫಜಲಪುರದ ನಮ್ಮ ಹೈಸ್ಕೂಲಿಗೆ ಅವರು ಆಗಷ್ಟೇ ಪಿ.ಟಿ. ಟೀಚರಾಗಿ ಬಂದಿದ್ದರು. ಊರು ಹತ್ತಿರದ ಅತನೂರ. ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಬಾಡಿಗೆ ಮನೆಯಲ್ಲಿದ್ದರು. ಎತ್ತರದ ಹೆಂಗಸು. ಸೀರೆಯ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಬಿಳಿ ಕ್ಯಾನ್ವಾಸ್ ಬೂಟು ಮೆಟ್ಟಿ ಮೈದಾನಕ್ಕೆ ಇಳಿಯುತ್ತಿದ್ದರು. ಕೊರಳಲ್ಲಿ ಶಿವದಾರ, ಅದರ ಮೇಲೆ ಸೀಟಿಯ ದಾರ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿಯ ಜೊತೆ ಉಳ್ಳಾಗಡ್ಡಿ ಕಟುಂ ಕಟುಂ ಎಂದು ಕಡಿಯುತ್ತಿದ್ದರು. ನಾವು ಓಡುವಾಗ ಕೆಳಗೆ ನೋಡಿದರೆ ಅವರಿಗೆ ಸಿಟ್ಟು. "ನೆಲದಾಗ ಏನ್ ಕಳಕೊಂಡೀರಿ? ಮಾರಿ ಎತ್ರಿ!" ಎಂದು ಕೂಗುತ್ತಿದ್ದರು. ಈ ಮಾತನ್ನು ಅವರು ಮೈದಾನದ ಹೊರಗೂ ಬಳಸುತ್ತಿದ್ದರು.

ಆಗ ನಮ್ಮ ಊರಿಗೆ ಗೊತ್ತಿದ್ದ ವಾಸನೆಗಳು ಕೆಲವೇ. ಹೆಂಗಸರಿಗೆ ಮಲ್ಲಿಗೆ, ಕೊಬ್ಬರಿ ಎಣ್ಣೆ. ಮದುವೆಯಲ್ಲಿ ಪನ್ನೀರು. ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕಿವಿಯಲ್ಲಿ ಇಟ್ಟುಕೊಂಡು ಬರುವ ಹಿರಿಯರು, ಅವರು ಎದ್ದು ಹೋದ ಮೇಲೂ ಕುರ್ಚಿಯಲ್ಲಿ ಕೂತೇ ಇರುವ ಆ ದಪ್ಪ ಕಂಪು. ಟೀಚರ್ ಹಾಕಿಕೊಳ್ಳುತ್ತಿದ್ದದ್ದು ಇದ್ಯಾವುದೂ ಅಲ್ಲ. ನೀಲಿ ಗಾಜಿನ ಚಪ್ಪಟೆ ಸೀಸೆ. ಅದರ ಮೇಲೆ ಟೆನಿಸ್ ಬ್ಯಾಟು ಹಿಡಿದ ಗಂಡಸಿನ ಚಿತ್ರ. ಸೊಲ್ಲಾಪುರದ ಅಂಗಡಿಯಲ್ಲಿ ಕೊಂಡದ್ದನ್ನು ಅವರೇ ನಗುತ್ತ ಹೇಳುತ್ತಿದ್ದರು. "ಅಂವ ಗುಲಾಬಿ ತೋರಿಸ್ದ, ಮಲ್ಲಿಗಿ ತೋರಿಸ್ದ. ನಾ ಇದಕ್ಕ ಬೊಟ್ಟ ಮಾಡ್ದೆ. ಇದು ಗಂಡಸರದ್ರಿ ಅಕ್ಕಾರ, ಅಂದ. ಮೂಗು ನಂದ ಅದಲ್ಲಪಾ, ಕಟ್ಟು ಅಂದೆ."

ಜೇವರ್ಗಿಯ ತಂಡದ ಜೊತೆ ನಮ್ಮ ಮೊದಲ ಪಂದ್ಯ ಆಳಂದದಲ್ಲಿ. ಬಸ್ಸಿಳಿದು ಮೈದಾನ ನೋಡಿದ್ದೇ ನಾವು ಒಬ್ಬರ ಹಿಂದೆ ಒಬ್ಬರು ಅಡಗಿದೆವು. ಸುತ್ತ ಜನ, ಅದರಲ್ಲೂ ಸೀಟಿ ಹೊಡೆಯುವ ಹುಡುಗರು. ಟೀಚರ್ ನಮ್ಮನ್ನು ಒಂದು ಕೋಣೆಯೊಳಗೆ ಕರೆದು ಬಾಗಿಲು ಹಾಕಿ, ಚೀಲದಿಂದ ಸೀಸೆ ತೆಗೆದರು. "ಕೈ ಚಾಚ್ರಿ."

ಆ ಗಳಿಗೆ ನನಗೆ ಇವತ್ತಿಗೂ ಚರ್ಮದಲ್ಲಿದೆ. ಪುಸ್ ಎಂದು ಬಂದ ಹನಿ ಮೊದಲು ಐಸಿನಂತೆ ತಣ್ಣಗಿತ್ತು; ಮೈ ಜುಮ್ಮೆಂದಿತು. ಮೂಗಿಗೆ ನಿಂಬೆ ಚುಚ್ಚಿ ಕಣ್ಣು ತಾನಾಗಿ ಅಗಲವಾಯಿತು. ಕತ್ತಿನ ಹಿಂದೆಯೂ ಒಂದಿಷ್ಟು ಹಚ್ಚಿದರು. ಅಂಕಣಕ್ಕೆ ಇಳಿದು ಮೈ ಬೆಚ್ಚಗಾದಂತೆ ನಿಂಬೆ ಹಿಂದೆ ಸರಿದು ಪುದೀನ ಜಜ್ಜಿದಂಥ ಇನ್ನೊಂದು ವಾಸನೆ ಎದ್ದಿತು. ತಿರುಗಿದರೆ ಅದು, ಬಾಗಿದರೆ ಅದು. ನನ್ನ ಬೆವರು ನನಗೇ ಹೊಸದಾಗಿ ಕಂಡಿತು. ಅಲ್ಲಿಯತನಕ ನನ್ನ ಮೈ ಎಂದರೆ ಮುಚ್ಚಿಕೊಳ್ಳಬೇಕಾದದ್ದು, ಕುಗ್ಗಿಸಿ ನಡೆಸಬೇಕಾದದ್ದು. ಆವತ್ತು ಅದು ನನ್ನ ಜೊತೆಗಿತ್ತು, ನಾನು ಹೇಳಿದ ಕಡೆ ಹೊರಳುತ್ತಿತ್ತು. ಸೀಟಿ ಹೊಡೆಯುವ ಹುಡುಗರ ಎದುರಿಗೇ ಹಾಯ್ದು ಹೋಗಿ ಜೇವರ್ಗಿಯ ಹುಡುಗಿಯನ್ನು ಮುಟ್ಟಿ ಔಟ್ ಮಾಡಿದೆ. ಆಟ ಮುಗಿಯುವಾಗ ಮಣಿಕಟ್ಟಿನಲ್ಲಿ ಉಳಿದದ್ದು ತೋಯ್ದ ಕಟ್ಟಿಗೆಯ ಮಂದ ಕಂಪು. ನಾವು ಗೆದ್ದಿದ್ದೆವು.

ಆ ಕಂಪು ನನ್ನ ಜೊತೆ ಮನೆಗೂ ಬಂತು. ಅವ್ವ ತಲೆ ಬಾಚಲು ಕೂರಿಸಿಕೊಂಡವಳು ಕೈ ನಿಲ್ಲಿಸಿದಳು. "ಇದು ಗಂಡಸರ ವಾಸನಿ ಅಲ್ಲೇನ?" ಟೀಚರ್ ಹೆಸರು ಹೇಳಿದೆ. ಅದು ಇನ್ನೂ ಕೆಟ್ಟದಾಯಿತು. ಯಾಕೆಂದರೆ ಊರಲ್ಲಿ ಆಗಲೇ ಗುಸುಗುಸು ಶುರುವಾಗಿತ್ತು: ಮದುವೆಯಿಲ್ಲದ ಹೆಂಗಸು, ಮೈಯಲ್ಲಿ ಗಂಡಸಿನ ವಾಸನೆ, ಎಲ್ಲಿಂದ ಬಂತು? ನಮ್ಮಪ್ಪ ಬಟ್ಟೆ ಅಂಗಡಿಯ ಸಾವಕಾರ, ಶಾಲೆಯ ಆಡಳಿತ ಮಂಡಳಿಯ ಸದಸ್ಯನೂ ಹೌದು. ಟೀಚರನ್ನು ತೆಗೆದುಹಾಕಬೇಕೆಂದು ಮಂಡಳಿಯಲ್ಲಿ ಮಾತು ಎದ್ದಿತ್ತು. ಅಪ್ಪ ನನ್ನನ್ನು ಕರೆದ. "ಇನ್ನ ಆಟ ಸಾಕು" ಎಂದ, ಅಷ್ಟೆ.

ನಾನು ಮೈದಾನಕ್ಕೆ ಹೋಗುವುದು ನಿಂತ ಕೆಲವು ದಿನಕ್ಕೆ ಟೀಚರ್ ನೇರವಾಗಿ ಅಂಗಡಿಗೇ ಬಂದರು. ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ, ಗಿರಾಕಿಗಳೂ ಇದ್ದರು.

"ಸಾವಕಾರ್ರ, ನಿಮ್ಮ ಮಗಳು ಆಟಕ್ಕ ಬರವಲ್ಲಳು. ಯಾಕ್ರಿ?"

"ಮನ್ಯಾಗ ಕೆಲಸ ಅದರಿ, ಬಾಯಾರ."

"ಖರೇ ಹೇಳ್ರಿ. ಕೆಲಸಾನೋ, ನನ್ನ ಸೆಂಟೋ?"

ಅಪ್ಪ ಗಜಕಡ್ಡಿ ಕೆಳಗಿಟ್ಟ. "ಹೆಣ್ಮಗಳ ಮೈಯಾಗ ಗಂಡಸರ ವಾಸನಿ ಬಂದ್ರ ಮಂದಿ ಏನ್ ತಿಳ್ಕೋಬೇಕ್ರಿ?"

"ಸೆಂಟ್ ಹಾಕ್ಕೊಂಡಾಳ ಅಂತ ತಿಳ್ಕೋಬೇಕ್ರಿ."

ಒಬ್ಬ ಗಿರಾಕಿ ಕಿಸಕ್ಕೆಂದ. ಟೀಚರ್ ಅತ್ತ ತಿರುಗಲೂ ಇಲ್ಲ. ಚೀಲದಿಂದ ನೀಲಿ ಸೀಸೆ ತೆಗೆದು ಧೋತರದ ಥಾನಿನ ಮೇಲೆ ಇಟ್ಟರು. "ಒಂದಿನ ಇದನ್ನ ನೀವು ಹಾಕ್ಕೋರಿ. ನಾಕ್ ಮಂದ್ಯಾಗ ತಿರುಗ್ಯಾಡಿ ಬರ್ರಿ. ಮಂದಿ ನಿಮಗ ಏನ್ ಕೇಳ್ತಾರ, ಜರಾ ಲಕ್ಷ್ಯ ಇಟ್ಟು ಕೇಳ್ರಿ. ಆಮ್ಯಾಲ ಮಗಳನ್ನ ಕಳಸೋದು ಬಿಡೋದು ನಿಮಗ ಬಿಟ್ಟಿದ್ದು." ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದರು.

ಅಪ್ಪ ಆ ಸೀಸೆಯನ್ನು ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಆದರೆ ಮರುದಿನ ಭೂಸನೂರಿನ ಬೀಗರ ಮನೆಯ ಕಾರ್ಯಕ್ಕೆ ಹೊರಟಾಗ, ಕನ್ನಡಿಯ ಮುಂದೆ ನಿಂತು ಅಂಗಿಯ ಕಾಲರು ಸರಿಸಿ, ಕತ್ತಿನ ಎರಡೂ ಕಡೆ ಹಾಕಿಕೊಂಡ. ತಣ್ಣಗೆ ತಾಗಿದ್ದಕ್ಕೆ ಭುಜ ಎತ್ತಿದ. ಆಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಇನ್ನೊಂದು ಸಲ ಹಾಕಿಕೊಂಡ.

ಸಂಜೆ ಊಟಕ್ಕೆ ಕೂತಾಗ ತಾನಾಗಿಯೇ ಬಾಯಿ ಬಿಟ್ಟ. ಕಾರ್ಯದ ಮನೆಯಲ್ಲಿ ಎಲ್ಲರೂ ಮುತ್ತಿಕೊಂಡರಂತೆ. "ಏನ್ರಿ ಸಾವಕಾರ್ರ, ಘಮ ಘಮ! ಎಲ್ಲಿಂದ ತರಿಸೀರಿ?" ಎಂದು ಬೀಗರು ಅಪ್ಪನ ಕೈ ಹಿಡಿದು ತಮ್ಮ ಕೈಗೆ ಉಜ್ಜಿಕೊಂಡರಂತೆ. ಅಷ್ಟು ಬಿಸಿಲಲ್ಲೂ ಕತ್ತು ತಂಪಾಗಿತ್ತು, ಹತ್ತು ವರ್ಷ ಸಣ್ಣವನಾದಂತೆ ಅನ್ನಿಸಿತು ಎಂದ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು.

"ಒಬ್ಬರಾದ್ರೂ, ಯಾರ ಜೋಡಿ ಇದ್ದು ಬಂದಿ ಅಂತ ನನಗ ಕೇಳಲಿಲ್ಲ."

"ನಿಮಗ್ಯಾಕ ಹಂಗ ಕೇಳ್ತಾರ?" ಎಂದಳು ಅವ್ವ.

"ಅದನ್ನ ನಾನೂ ದಾರಿಯುದ್ದಕ್ಕ ವಿಚಾರ ಮಾಡ್ಕೋತ ಬಂದೆ." ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ನನ್ನ ಕಡೆ ನೋಡಿದ. "ನಾಳಿಂದ ಆಟಕ್ಕ ಹೋಗು."

ಮಂಡಳಿಯ ಸಭೆಗೆ ಟೀಚರನ್ನೂ ಕರೆಸಿದ್ದರು. ಅಲ್ಲಿ ನಡೆದದ್ದನ್ನು ಮುಂದೆ ಅವರೇ ನನಗೆ ಹೇಳಿದರು. ಹೊಸ ಸೀಸೆ ಕೊಂಡು ಅವರು ಆವತ್ತೂ ಅದೇ ಸೆಂಟು ಹಾಕಿಕೊಂಡೇ ಹೋಗಿದ್ದರು, ಬೇಕೆಂದೇ ಜಾಸ್ತಿ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಶಾಲೆಯ ಮರ್ಯಾದೆ, ಹುಡುಗಿಯರ ನಡತೆ ಎಂದು ಆರಂಭಿಸಿದಾಗ ಅಪ್ಪ ಎದ್ದು ಅವರ ಬಳಿ ಹೋಗಿ ಕೈ ಮುಂದೆ ಮಾಡಿದನಂತೆ. "ಮೂಸಿ ನೋಡ್ರಿ. ನನ್ನ ಮೈಯಾಗೂ ಅದೇ ವಾಸನಿ ಅದ. ನನ್ನನ್ನೂ ಮಂಡಳಿಯಿಂದ ತೆಗೀತೀರೇನು?" ಅಧ್ಯಕ್ಷರು ಮೂಸಿದರಂತೆ. ಮೊದಲು ನಕ್ಕವರು ಅವರೇ. ವಿಷಯ ಅಲ್ಲಿಗೆ ಬಿದ್ದುಹೋಯಿತು. ಒಬ್ಬ ಸದಸ್ಯರು ಮಾತ್ರ ನಗಲಿಲ್ಲ. ಅವರು ನಮ್ಮಂಗಡಿಯಲ್ಲಿ ಬಟ್ಟೆ ಕೊಳ್ಳುವುದನ್ನೇ ಬಿಟ್ಟರು.

ಆ ವರ್ಷ ನಾವು ಗುಲಬರ್ಗಾದವರೆಗೂ ಹೋಗಿ ಫೈನಲ್ಲಿನಲ್ಲಿ ಸೋತೆವು. ಅಳುತ್ತ ಕೂತ ನಮ್ಮನ್ನು ಟೀಚರ್ ಸಮಾಧಾನ ಮಾಡಲಿಲ್ಲ. "ಸೋತೀವಿ, ಖರೇ. ಅವರು ಛಲೋ ಆಡಿದ್ರು. ಹೋಗಿ ಕೈ ಕುಲುಕಿ ಬರ್ರಿ, ಆಮ್ಯಾಲ ಅಳ್ರಿ" ಎಂದು ಕಬ್ಬಿನ ಹಾಲು ಕುಡಿಸಲು ಕರೆದೊಯ್ದರು. ಅವರು ಕೊನೆಗೂ ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ನನಗ ತೋರಿಸ್ದವ್ರೆಲ್ಲಾ ಗುಲಾಬಿ ಮಲ್ಲಿಗಿ ಇದ್ರು" ಎಂದು ನಕ್ಕು ಮುಂದೆ ನಡೆಯುತ್ತಿದ್ದರು.

ನಾನೂ ಪಿ.ಟಿ. ಟೀಚರಾದೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಆಳಂದದ ಕಡೆಯ ಒಂದು ಶಾಲೆಯಲ್ಲಿದ್ದೆ. ಬೆಳಗಿನ ಆಟ ನಡೆದಿದ್ದಾಗ ಗುಮಾಸ್ತರು ಬಂದು ಫೋನಿನ ಸುದ್ದಿ ಹೇಳಿದರು. ಎದೆನೋವು ಬಂದು ಟೀಚರ್ ಹೋಗಿಬಿಟ್ಟಿದ್ದರು. ನಾನು ಆಟ ನಿಲ್ಲಿಸಲಿಲ್ಲ. ಅವರಿದ್ದಿದ್ದರೆ ನಿಲ್ಲಿಸಲು ಬಿಡುತ್ತಿರಲಿಲ್ಲ. ಪೂರ್ತಿ ಆಡಿಸಿ, ಕೊನೆಯ ಸೀಟಿ ಊದಿ, ಬಸ್ಸು ಹಿಡಿದೆ.

ಅತನೂರಿನ ಹೊಲದಲ್ಲಿ ಅವರ ತಂದೆಯ ಸಮಾಧಿಯ ಪಕ್ಕ ಕುಣಿ ತೋಡಿದ್ದರು. ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದ ಅವರ ಮುಖ ನೆಟ್ಟಗಿತ್ತು. ಹಳೆಯ ತಂಡದ ಹೆಂಗಸರು ಬೇರೆ ಬೇರೆ ಊರುಗಳಿಂದ ಬಂದು ಸೇರಿದ್ದೆವು, ಕೆಲವರ ಕಂಕುಳಲ್ಲಿ ಕೂಸು. ನಮ್ಮ ಹಿಂದೆ ನಿಂತಿದ್ದವನನ್ನು ನಾನು ತಡವಾಗಿ ನೋಡಿದೆ. ಮಂಡಿನೋವಿನಿಂದ ಅಂಗಡಿಗೆ ಹೋಗುವುದನ್ನೂ ಬಿಟ್ಟಿದ್ದ ಅಪ್ಪ, ಒಬ್ಬನೇ ಬಸ್ಸು ಹತ್ತಿ ಬಂದಿದ್ದ. ನನ್ನ ಹೆಗಲ ಮೇಲೆ ಕೈಯೂರಿ ಬಾಗಿದ, ಒಂದು ಹಿಡಿ ಎರೆಮಣ್ಣು ಹಾಕಿದ.

"ಅವರು ನಿನಗಷ್ಟ ಟೀಚರ್ ಅಂತ ತಿಳ್ಕೊಂಡಿದ್ದಿ ಏನ್?" ಎಂದ. ಮತ್ತೆ ನನ್ನ ಹೆಗಲು ಹಿಡಿದೇ ಎದ್ದು ನಿಂತ.