ಮಾವನ ಗಾಡಿ ಪಡೆ ಮೊಳಕಾಲ್ಮೂರಿಗೆ ಬಂದದ್ದು

ದೊಡ್ಡ ಯುದ್ಧ ಮುಗಿಯುವವರೆಗೂ ನನ್ನ ಮದುವೆ ನಿಂತಿತ್ತು. ನಮ್ಮ ಮನೆತನದಲ್ಲಿ ಸೋದರಮಾವ ಬಾಸಿಂಗ ಕಟ್ಟದೆ ಹೆಣ್ಣು ಹಸೆಯ ಮೇಲೆ ಕೂರುವಂತಿಲ್ಲ. ನನ್ನ ಸೋದರಮಾವನೋ ಸಮುದ್ರದಾಚೆ ಬಸ್ರಾದಲ್ಲಿ ಸರ್ಕಾರದ ಎತ್ತಿನ ಗಾಡಿ ಹೊಡೆಯುತ್ತಿದ್ದ. ಊರಿನವರ ಲೆಕ್ಕಕ್ಕೆ ನಾನು ಆಗಲೇ ವಯಸ್ಸು ಮೀರಿದ ಹುಡುಗಿ.

ಉಳ್ಳಾರ್ತಿ ಕಾವಲಿನ ಹುಲ್ಲು ಮೇದು ಬೆಳೆದ ಎತ್ತುಗಳು ನವಾಬರ ಕಾಲದಲ್ಲಿ ತೋಪು ಎಳೆದ ತಳಿ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ಯುದ್ಧ ಬಂದಾಗ ಅದು ಸರ್ಕಾರಕ್ಕೂ ನೆನಪಾಯಿತೋ ಏನೋ, ಎತ್ತು ಆರಿಸಲು ಬಂದವರು ಎತ್ತಿನ ಜತೆ ಗಾಡಿ ಹೊಡೆಯುವವರನ್ನೂ ಆರಿಸಿಕೊಂಡು ಹೋದರು. ಹಾಗೆ ಹೋದ ಮಾವ ಒಂದು ಮಧ್ಯಾಹ್ನ ಖಾಕಿ ಕೋಟು, ಕಾಲಿಗೆ ಸುತ್ತಿದ ಪಟ್ಟಿ, ಕೊರಳಲ್ಲಿ ಸೀಟಿಯ ಸಮೇತ ಚಳ್ಳಕೆರೆಯ ನಮ್ಮ ಮನೆ ಬಾಗಿಲಲ್ಲಿ ಬಂದು ನಿಂತ.

ಅಜ್ಜಿ ಮಗನನ್ನು ತಬ್ಬಿಕೊಂಡು ಅತ್ತು ಮುಗಿಸಿ ಕೇಳಿದ ಮೊದಲ ಮಾತು, "ಎಷ್ಟು ಜನಾನ ಹೊಡ್ದೆ ಲೇ?"

"ನಾನ್ಯಾಕೆ ಹೊಡೀಲವ್ವ? ನಾನು ಹಿಟ್ಟು ಸಾಗಿಸ್ತಿದ್ದೆ. ಗಾಡಿ ಕೋರಲ್ಲಿ ಇದ್ದೆ."

"ಕೋರಿಗೆ ಮಾಡಿದ್ರೆ ಬೆಳೇಲಿ ಅರ್ಧ ಪಾಲು ಕೊಡ್ಬೇಕಲ್ಲೋ. ನಿನ್ ಪಾಲೆಲ್ಲಿ?"

ನಮ್ಮ ಕಡೆ ಕೋರು ಎಂದರೆ ಪಾಲಿನ ಬೇಸಾಯ. ಇದು ಆ ಕೋರಲ್ಲ, ದಂಡಿನ ಕೋರು, ಇಂಗ್ಲಿಷಿನಲ್ಲಿ ಪಡೆಗೆ ಹಾಗನ್ನುತ್ತಾರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಮಾವನಿಗೆ ಬೆವರು ಬಂತು. ಒಬ್ಬ ಆಳಿಗೆ ಒಂದು ಗಾಡಿ, ಒಂದು ಜೋಡಿ ಎತ್ತು. ಅಂಥ ಕೆಲವು ಗಾಡಿಗಳಿಗೆ ಒಬ್ಬ ನಾಯಕ. ನಾಯಕರ ಮೇಲೆ ಜಮಾದಾರ. ಜಮಾದಾರರ ಮೇಲೆ ಕುದುರೆ ಹತ್ತಿದ ಒಬ್ಬ ದೊರೆ. ಜತೆಗೆ ಬಡಗಿ, ಕಮ್ಮಾರ, ಎತ್ತಿನ ವೈದ್ಯ. ಹಡಗಿಗೆ ಎತ್ತು ಏರಿಸುವಾಗ ಹೊಟ್ಟೆಗೆ ಪಟ್ಟಿ ಬಿಗಿದು ಆಕಾಶಕ್ಕೆ ಎತ್ತುತ್ತಿದ್ದರಂತೆ. ಅವು ಗಾಳಿಯಲ್ಲಿ ನಾಲ್ಕು ಕಾಲೂ ಆಡಿಸುವುದನ್ನು ಮಾವ ನೆಲದ ಮೇಲೆ ಮಲಗಿ ಮಾಡಿ ತೋರಿಸಿದ. ಅಜ್ಜಿ ಎತ್ತುಗಳಿಗಾಗಿ ಮತ್ತೊಮ್ಮೆ ಅತ್ತಳು.

ಮದುವೆ ಗಂಡಿನ ಮನೆಯಲ್ಲಿ, ಮೊಳಕಾಲ್ಮೂರಿನಲ್ಲಿ. ದಿಬ್ಬಣವನ್ನು ಅಲ್ಲಿಗೆ ಮುಟ್ಟಿಸುವ ಹೊಣೆಯನ್ನು ಮಾವ ತಾನೇ ಹೊತ್ತ. ಅಪ್ಪ ಒಪ್ಪಿದ್ದೇ ತಪ್ಪಾಯಿತು. ಹೊರಡುವ ಬೆಳಿಗ್ಗೆ ಗಾಡಿಗಳನ್ನೆಲ್ಲ ಬೀದಿಯುದ್ದಕ್ಕೂ ಸಾಲಾಗಿ ನಿಲ್ಲಿಸಿ, ಮುಂದಿನ ಗಾಡಿಗೆ ಕೆಂಪು ಬಾವುಟ ಕಟ್ಟಿದ. ಅದರ ಹಿಂದೆ ನೀರಿನ ಗಾಡಿ, ದವಸದ ಗಾಡಿ, ಕೊನೆಗೆ ಕಾವಲಿನ ಗಾಡಿ. ನನ್ನನ್ನೂ ಅಜ್ಜಿಯನ್ನೂ ಎಲ್ಲದರ ನಡುವೆ ಹಾಕಿದ. "ಬೆಲೆಬಾಳೋ ಸಾಮಾನು ನಡೂಕೆ ಇರ್ಬೇಕು" ಎಂದ. ಹೆಣ್ಣಿನ ಕಡೆಯ ನೆಂಟರನ್ನು ಹಂಚಿ ಚಿಕ್ಕಪ್ಪಂದಿರನ್ನು ನಾಯಕರನ್ನಾಗಿ, ಅಪ್ಪನನ್ನು ಜಮಾದಾರನನ್ನಾಗಿ ಮಾಡಿದ. ದೊರೆ ಯಾರೆಂದು ಹೇಳಲಿಲ್ಲ. ಆದರೆ ಯಾರದೋ ತಟ್ಟು ಕುದುರೆ ತಂದು ಅದೇ ಖಾಕಿ ಕೋಟಿನಲ್ಲಿ ತಾನು ಹತ್ತಿದ.

ಒಂದು ಸೀಟಿಗೆ ಹೊರಡಬೇಕು, ಎರಡು ಸೀಟಿಗೆ ನಿಲ್ಲಬೇಕು. ದಾರಿಯ ತಳಕು ಊರನ್ನು ದಾಟುವ ಮೊದಲೇ ಅಜ್ಜಿ ಗಾಡಿ ನಿಲ್ಲಿಸಲು ಹೇಳಿದಳು.

"ಈಗ ನಿಲ್ಲಂಗಿಲ್ಲವ್ವ. ಸಾಲು ಮುರೀತೈತೆ."

"ಸಾಲು ಮುರಿದ್ರೆ ಕಟ್ಟಬೋದು. ನಾನು ಈಗ ಇಳೀದಿದ್ರೆ ನಿನ್ ಸೊಸೆ ಸೀರೆ ಕೆಡ್ತೈತೆ ನೋಡು."

ಮಾವ ತಕ್ಷಣ ಎರಡು ಸೀಟಿ ಊದಿದ. ಅಜ್ಜಿ ಜಾಲಿಗಿಡದ ಮರೆಗೆ ಹೋಗಿ ಬರುವವರೆಗೆ ಇಡೀ ಪಡೆ ಬಿಸಿಲಲ್ಲಿ ನಿಂತಿತ್ತು.

ಹೀಗೆ ನಿಲ್ಲುತ್ತ ಹೊರಡುತ್ತ ಮಾರನೆಯ ದಿನ ಮೊಳಕಾಲ್ಮೂರಿನ ಗುಡ್ಡಗಳು ಕಂಡವು. ಗುಡ್ಡದ ಮೇಲೆ ಕುರಿ ಮೇಯಿಸುತ್ತಿದ್ದವನೊಬ್ಬ ನಮ್ಮನ್ನು ನೋಡಿದ್ದಾನೆ. ಬಾವುಟ, ಖಾಕಿ, ಕುದುರೆ, ಅಷ್ಟೊಂದು ಗಾಡಿ. ಎತ್ತನ್ನೂ ಗಂಡಸರನ್ನೂ ಹಿಡಿದುಕೊಂಡು ಹೋಗಲು ಸರ್ಕಾರದವರು ಮತ್ತೆ ಬಂದರೆಂದು ಅವನು ಅಡ್ಡದಾರಿಯಲ್ಲಿ ಓಡಿಹೋಗಿ ಊರಿಗೆಲ್ಲ ಸಾರಿದ್ದಾನೆ. ಇದು ನಮಗೆ ಆಮೇಲೆ ತಿಳಿದದ್ದು.

ನಾವು ಗಂಡಿನ ಕೇರಿಗೆ ಬಂದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ಚಪ್ಪರ ಹಾಕಿತ್ತು, ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತು, ತಿರುಗಿಸುವವರಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು.

ಮಾವ ಕುದುರೆಯ ಮೇಲಿಂದ ಹಿಗ್ಗಿ ಹೇಳಿದ, "ಶಿಸ್ತು ಅಂದ್ರೆ ಇದು ನೋಡ್ರಿ. ನಮ್ಮ ಗಾಡಿ ಬರ್ತವೆ ಅಂತ ದಾರೀನೆಲ್ಲ ಖಾಲಿ ಮಾಡ್ಸವ್ರೆ!"

ಆಗ ಒಂದು ಕಿಟಕಿ ಬೆರಳಷ್ಟು ತೆರೆಯಿತು. ಒಳಗಿನಿಂದ ಒಬ್ಬ ಮುದುಕಿ ತೆಲುಗಿನಲ್ಲಿ ಕೂಗಿದಳು, "ಮಾ ಇಂಟ್ಲೋ ಮೊಗವಾಳ್ಳು ಎವರೂ ಲೇರು!" ನಮ್ಮ ಮನೆಯಲ್ಲಿ ಗಂಡಸರು ಯಾರೂ ಇಲ್ಲ ಎಂದು.

ಅಜ್ಜಿಗೆ ತೆಲುಗು ಬರುತ್ತಿತ್ತು. ಅವಳು ಗಾಡಿಯ ಕಮಾನಿನಿಂದ ತಲೆ ಹೊರಹಾಕಿ, "ಗಂಡಸರಿಲ್ದಿದ್ರೆ ನಮ್ಮ ಹುಡುಗಿ ಯಾರನ್ನ ಮದ್ವೆ ಆಗ್ತಾಳೆ? ಪೆಳ್ಳಿಕೂತುರು ಬಂದೈತೆ, ಮದುಮಗಳು! ಬಾಗಿಲು ತೆಗೀರಿ!" ಎಂದು ಎರಡೂ ಭಾಷೆಯಲ್ಲಿ ಗದರಿದಳು.

ಒಂದೊಂದೇ ಬಾಗಿಲು ತೆರೆಯಿತು. ಹಿತ್ತಿಲಿನಿಂದ, ಕಣಜದಿಂದ, ಹುಲ್ಲಿನ ಬಣವೆಯಿಂದ ಬೀಗರು ಮೈ ಕೊಡವಿಕೊಳ್ಳುತ್ತ ಬಂದರು. ಎಲ್ಲರೂ ಬಂದರು, ಗಂಡು ಮಾತ್ರ ಬರಲಿಲ್ಲ. ಅಪ್ಪ ಮಾವನ ಕಡೆ ನೋಡಿದ ನೋಟವನ್ನು ನಾನು ಮುಸುಕಿನೊಳಗಿಂದಲೇ ಕಂಡೆ. ನನಗೆ ಅಳು ಬರಬೇಕಿತ್ತು, ನಗು ಬರುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ನೇಕಾರ ಹೊರಗೆ ಬಂದು ಕೈ ಮುಗಿದ. "ಸ್ವಾಮೀ, ಮದ್ವೆ ಹುಡುಗ ನಮ್ ಮಗ್ಗದಾಗೆ ಕಾಲಿಳಿಸೋ ಗುಂಡಿಯಾಗವ್ನೆ. ಯಾರಿಗೂ ಗೊತ್ತಾಗ್ದಂಗೆ ಅವನ ಬೆನ್ನಿನ ಮೇಲೇ ಕಾಲಿಟ್ಟು ನೇಯ್ತಿದ್ದೆ. ಅವನು ನಡುಗೋದಕ್ಕೆ ಸೀರೆ ಅಂಚೆಲ್ಲ ಸೊಟ್ಟ ಆಗ್ತೈತೆ. ಕರ್ಕೊಂಡು ಹೋಗ್ರಿ."

ಮಾವನೇ ಮುಂದಾಗಿ ಕರೆತರಲು ಹೋದ. ಮೈತುಂಬ ರೇಷ್ಮೆ ಎಳೆ ಅಂಟಿಸಿಕೊಂಡು ಮೇಲೆ ಬರುತ್ತಿದ್ದ ಮದುಮಗ ಖಾಕಿ ಕೋಟು ಕಂಡವನೇ ಮತ್ತೆ ಗುಂಡಿಗೆ ಇಳಿದನಂತೆ. ಮಾವನ ಮುಖ ಚಿಕ್ಕದಾಯಿತು. ಅವನು ಕೋಟು ಬಿಚ್ಚಿ ನೇಕಾರನ ಕೈಗೆ ಕೊಟ್ಟು, ಬನೀನಿನಲ್ಲೇ ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತ. "ನಾನು ಹುಡುಗಿ ಸೋದರಮಾವ ಕಣಪ್ಪ. ಬಾಸಿಂಗ ಕಟ್ಟಕ್ಕೆ ಬಂದಿದೀನಿ. ನನ್ಗೂ ಆ ದಂಡಿಗೆ ವಾಪಸ್ ಹೋಗೋ ಆಸೆ ಇಲ್ಲ" ಎಂದ. ಆಮೇಲೆ ಗಂಡು ಹತ್ತಿ ಬಂತು.

ಮಾವ ಪಂಚೆಯುಟ್ಟು ನನಗೆ ಬಾಸಿಂಗ ಕಟ್ಟಿದ. ತಳ ಹಿಡಿದ ಪಾಯಸವನ್ನು ಎಲ್ಲರೂ ಚೆನ್ನಾಗಿದೆ ಎಂದೇ ಉಂಡರು.

ಮದುವೆ ಗದ್ದಲ ಇಳಿದ ಮೇಲೆ ನಾನು ಧೈರ್ಯ ಮಾಡಿ ಗಂಡನನ್ನು ಕೇಳಿದೆ, "ಅವತ್ತು ಭಾಳ ಹೆದರಿದ್ರಾ?"

"ನಾನ್ಯಾಕೆ ಹೆದರ್ಲಿ? ಎತ್ತು ಬಚ್ಚಿಡಾಕೆ ಹೋಗಿದ್ದೆ."

"ಮಗ್ಗದ ಗುಂಡೀಲಿ ಎತ್ತು ಹಿಡಿಸ್ತಾವಾ?"

ಅವರು ಸೂರು ನೋಡಿದರು. "ಒಂದೇ ಒಂದು ಹಿಡಿಸ್ತು" ಎಂದರು. ಅವರನ್ನು ನಾನು ಮೆಚ್ಚಿದ್ದು ಆಗಲೇ.