ನಲವತ್ತೆರಡು ಪೆಟ್ಟಿಗೆಗಳು, ಒಂದು ಕೋಣೆ

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರುಗಳಲ್ಲಿ ಕಾಲೇಜು ನಡೆಸುತ್ತಿದ್ದ ಒಂದು ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಆ ವರ್ಷ ಆಡಳಿತದವರು ಎಲ್ಲ ಕಡೆ ವೈಫೈ ಹಾಕಿಸಿದರು. ತರಗತಿ, ಗ್ರಂಥಾಲಯ, ಕಾರಿಡಾರು ಎಂದು ಒಟ್ಟು ನಲವತ್ತೆರಡು ಬಿಳಿ ಪೆಟ್ಟಿಗೆಗಳು ಗೋಡೆ ಹತ್ತಿದವು. ಪ್ರತಿಯೊಂದಕ್ಕೂ ಹೆಸರು, ಚಾನೆಲ್, ಪಾಸ್‌ವರ್ಡ್ ಕೊಡುವ ಕೆಲಸ ನನ್ನದು. ಪಾಸ್‌ವರ್ಡ್ ಬದಲಾದಾಗಲೆಲ್ಲ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಸ್ ಹತ್ತಿ, ಪೆಟ್ಟಿಗೆ ಪೆಟ್ಟಿಗೆಗೂ ತಂತಿ ಸಿಕ್ಕಿಸಿ, ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಿತ್ತು.

ಪಾಪ, ಎಷ್ಟು ಅಲೆದಾಟ ಎನ್ನುತ್ತಿದ್ದರು. ನನಗೆ ಬೇಕಾಗಿದ್ದುದು ಅದೇ. ಅಮ್ಮ ತೀರಿಕೊಂಡ ಮೇಲೆ ಶ್ರವಣಬೆಳಗೊಳದ ಮನೆ ಅಣ್ಣನ ಸಂಸಾರದ್ದಾಗಿತ್ತು. ಹಾಸನದಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ವಯಸ್ಸು ಮೂವತ್ತಾರು; ಮದುವೆ ಯಾವಾಗ ಎಂದು ಕೇಳುವುದನ್ನೂ ಜನ ಬಿಟ್ಟಿದ್ದರು. ಭಾನುವಾರಗಳಲ್ಲಿ ನಾನು ಬಾಯಿ ತೆರೆಯುತ್ತಿದ್ದುದು ಹಾಲಿನ ಅಂಗಡಿಯಲ್ಲಿ ಮಾತ್ರ.

ಅರಕಲಗೂಡಿನ ಕಾಲೇಜಿನಲ್ಲಿ ಒಬ್ಬ ಅಟೆಂಡರ್ ಇದ್ದರು, ಐವತ್ತೈದು ದಾಟಿದ ಹೆಂಗಸು. ನಾನು ಏಣಿ ಹತ್ತಿದರೆ ಕೆಳಗೆ ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಲ್ಲುತ್ತಿದ್ದರು.

“ನಿಧಾನ ಕಣವ್ವಾ, ಸೀರೆ ಸಿಕ್ಕಾಕಂಡಾತು. ನಾ ಇಡ್ಕಂಡಿವ್ನಿ, ಎದರ್ಬ್ಯಾಡಿ.”

ಮಧ್ಯಾಹ್ನ ಹಿಂದಿನ ವರಾಂಡದಲ್ಲಿ ಕೂರಿಸಿಕೊಂಡು ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಹಾಕುತ್ತಿದ್ದರು. ತಮ್ಮ ಎಮ್ಮೆಯ ಹಟ, ಸೊಸೆಯ ಸಿಟ್ಟು, ಪಕ್ಕದ ಮನೆಯವರ ಜಗಳ ಎಲ್ಲವನ್ನೂ ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ, ಅಷ್ಟೆ.

ಮರುವರ್ಷ ಹಾಸನದ ಮುಖ್ಯ ಕಾಲೇಜಿಗೆ ಕಂಟ್ರೋಲರ್ ಬಂತು. ನಾಲ್ಕೂ ಊರಿನ ಪೆಟ್ಟಿಗೆಗಳು ಇನ್ನು ಮುಂದೆ ಈ ಒಂದು ಯಂತ್ರದ ಮಾತು ಕೇಳುತ್ತವೆ. ಆದರೆ ಅದರ ಪರದೆಯಲ್ಲೂ ಒಂದೊಂದನ್ನೇ ತೆರೆದು ತುಂಬಬೇಕಿತ್ತು. ಅದರ ಬೇಸರಕ್ಕೆ ನಾನೇ ಒಂದು ಸ್ಕ್ರಿಪ್ಟ್ ಬರೆಯಲು ಕೂತೆ. ಪೆಟ್ಟಿಗೆಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿ, ಯಾವುದಕ್ಕೆ ಏನು ಎಂದು ಕಂಟ್ರೋಲರಿಗೆ ತಾನೇ ಹೇಳಿ ಮುಗಿಸುವಂಥದ್ದು. ಪುಸ್ತಕ ನೋಡಿ, ತಪ್ಪಿ, ತಿದ್ದಿ, ಒಂದು ತಿಂಗಳು ಹಿಡಿಯಿತು.

ಮೊದಲ ಸಲ ಓಡಿಸಿದ ದಿನ ಎಡವಟ್ಟಾಯಿತು. ಪಟ್ಟಿಯಲ್ಲಿ ಪೆಟ್ಟಿಗೆಗಳ ಹೆಸರನ್ನು ಅಕ್ಷರದ ಕ್ರಮಕ್ಕೆ ತಂದಿದ್ದೆ. ಪಕ್ಕದ ಪಾಸ್‌ವರ್ಡುಗಳು ಮಾತ್ರ ಇದ್ದಲ್ಲೇ ಉಳಿದಿದ್ದವು. ಒಂದು ಕಾಲೇಜಿನದು ಇನ್ನೊಂದಕ್ಕೆ ಹೋಯಿತು. ಫೋನ್ ಮೇಲೆ ಫೋನ್. ಚನ್ನರಾಯಪಟ್ಟಣದ ಲೈಬ್ರರಿಯನ್ ಕೂಗಾಡಿದರು: “ಏನ್ ಮೇಡಂ ಇದು, ಯಾವ ಪಾಸ್‌ವರ್ಡ್ ಹಾಕುದ್ರೂ ಒಳಕ್ಕೇ ಬಿಡ್ತಿಲ್ವಲ್ಲ!” ಪಟ್ಟಿ ಸರಿಮಾಡಿ ಮತ್ತೆ ಓಡಿಸುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಆ ಒಂದು ಗಂಟೆ ನಾಲ್ಕೂ ಊರಿನ ಜನ ನನ್ನನ್ನು ಹುಡುಕಿ ಮಾತಾಡಿದ್ದರು. ನಾಚಿಕೆಯ ನಡುವೆಯೇ ನನಗೊಂದು ಖುಷಿಯೂ ಆಗಿತ್ತು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಆಮೇಲೆ ಫೋನು ಬರಲಿಲ್ಲ. “ಭೇಷ್,” ಎಂದರು ಪ್ರಿನ್ಸಿಪಾಲರು, “ಇನ್ನು ನೀವು ಬಸ್ಸಲ್ಲಿ ಒದ್ದಾಡೋದು ತಪ್ತು ಬಿಡಿ.”

ನಿಜಕ್ಕೂ ತಪ್ಪಿತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಎಂಟು ತಿಂಗಳು ಕೂತೆ. ಪರದೆಯ ಮೇಲೆ ನಲವತ್ತೆರಡು ಹಸಿರು ಚುಕ್ಕೆಗಳು. ಫ್ಯಾನಿನ ಸದ್ದು ಬಿಟ್ಟರೆ ಕಂಟ್ರೋಲರಿನ ಸದ್ದು. ಕೆಲವು ದಿನ ಸಂಜೆ ಬಾಗಿಲು ಹಾಕುವಾಗ, ಬೆಳಗ್ಗೆಯಿಂದ ಒಂದು ಮಾತೂ ಆಡಿಲ್ಲವಲ್ಲ ಅನ್ನಿಸಿ, ಬೀಗದ ಕೈ ಎಲ್ಲಿ ಎಂದು ನನ್ನನ್ನೇ ಜೋರಾಗಿ ಕೇಳಿಕೊಳ್ಳುತ್ತಿದ್ದೆ.

ಒಂದು ಬೆಳಗ್ಗೆ ಅರಕಲಗೂಡಿನ ಒಂದು ಚುಕ್ಕೆ ಕೆಂಪಾಯಿತು. ಫೋನ್ ಮಾಡಿ ವಿಚಾರಿಸಬಹುದಿತ್ತು. ಮಾಡಲಿಲ್ಲ. ಗೊರೂರಿನ ಮೇಲೆ ಹೋಗುವ ಬಸ್ ಹತ್ತಿದೆ. ಆಲೂಗಡ್ಡೆ ಮೂಟೆಯ ಪಕ್ಕ ಕೂತು, ಇವತ್ತು ಎಮ್ಮೆಯ ಕತೆ ಎಲ್ಲಿಗೆ ಬಂದಿರಬಹುದು ಎಂದು ಯೋಚಿಸುತ್ತಿದ್ದೆ.

ಕಾಲೇಜಿಗೆ ಸುಣ್ಣ ಬಳಿಯುತ್ತಿದ್ದರು. ಬಳಿಯುವವರು ತಂತಿ ಕಿತ್ತು ಹಾಗೇ ಬಿಟ್ಟಿದ್ದರು. ಸಿಕ್ಕಿಸಲು ಅರೆ ನಿಮಿಷ ಸಾಕಾಯಿತು. ಹಳೆಯ ಅಟೆಂಡರ್ ಕಾಣಲಿಲ್ಲ. ಅವರ ಜಾಗದಲ್ಲಿ ಹೊಸಬರೊಬ್ಬರಿದ್ದರು.

“ಅವ್ರು ರಿಟೈರಾಗಿ ಎಲ್ಡ್ ತಿಂಗ್ಳಾತಲ್ಲ ಮೇಡಂ. ಸಭೆ ಮಾಡಿ ಶಾಲು ಒದ್ಸುದ್ರು. ನಿಮ್ಗೆ ಯೋಳ್ನಿಲ್ವಾ?”

ನನಗೆ ಯಾರು ಹೇಳಬೇಕು? ಊರು ಕೇಳಿಕೊಂಡೆ. ಕೊಣನೂರು ರಸ್ತೆಯಲ್ಲಿಳಿದು ಒಂದು ಮೈಲಿ ನಡೆದೆ. ಅವರು ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ನನ್ನನ್ನು ಕಂಡು ಎದ್ದೇಬಿಟ್ಟರು.

“ನಾನೇನಾರ ಅಂದ್ಬುಟ್ಟಿದ್ನಾ ಕಣವ್ವಾ? ಬರಾದ್ನೇ ಬುಟ್ಬುಟ್ರಲ್ಲ!”

ಅಂಥದ್ದೇನೂ ಇಲ್ಲ, ಈಗ ಎಲ್ಲ ಹಾಸನದಲ್ಲೇ ಕೂತು ಆಗುತ್ತದೆ ಎಂದೆ.

“ಯಾರ್ ಮಾಡುದ್ರು ಅಂಗೆ?”

“ನಾನೇ.”

ಅವರು ನನ್ನ ಮುಖವನ್ನೇ ನೋಡಿದರು. ನಗು ಬಂದಿತ್ತೋ ಏನೋ, ನಗಲಿಲ್ಲ. ಎರಡು ವರ್ಷದ ಪರಿಚಯದಲ್ಲಿ ಕೇಳದಿದ್ದುದನ್ನು ಆಗ ಕೇಳಿದರು.

“ನಿಮ್ಮನೇಲಿ ಯಾರ್ಯಾರವ್ರೆ?”

“ನಾನೊಬ್ಬಳೇ.”

ಅವರು ಒಳಗೆ ಹೋಗಿ ತಟ್ಟೆಗೆ ಮುದ್ದೆ, ಅವರೆಕಾಳಿನ ಸಾರು ಹಾಕಿಕೊಂಡು ಬಂದರು. ತಿಂದು ಮುಗಿಸಿ ಎದ್ದೆ. “ನಾಕೂವರೆಗೆ ಇನ್ನೊಂದ್ ಬಸ್ ಐತೆ, ಕೂತ್ಕಳಿ,” ಎಂದರು. ಕೂತೆ.

ಆಮೇಲೆ ಎರಡು ಭಾನುವಾರ ಹೋಗಿದ್ದೆ. ಮುಂದಿನ ಯುಗಾದಿಯ ಹೊತ್ತಿಗೆ ಮಗಳು ಬಂದು ಅವರನ್ನು ಮೈಸೂರಿಗೆ ಕರೆದುಕೊಂಡು ಹೋದಳು. ವಿಳಾಸ ಕೇಳಿಟ್ಟುಕೊಳ್ಳಬೇಕೆಂದು ನನಗಾಗಲಿ ಅವರಿಗಾಗಲಿ ಹೊಳೆದಿರಲಿಲ್ಲ.